ಒಂದು ಲತೀನ್ ವಿಶೇಷಣ ಮತ್ತು ಹಾವೇರಿ ಸೀಮೆಯ ರೊಟ್ಟಿ

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಬೇಡಿಕೊಳ್ಳುವ ರೊಟ್ಟಿ ಯಾವುದೆಂಬ ಪ್ರಶ್ನೆ ಧರ್ಮಸಭೆಯಷ್ಟೇ ಹಳೆಯದು. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಪ್ರಬೋಧನೆಗಳಲ್ಲಿ, ಧ್ಯಾನಕೂಟಗಳಲ್ಲಿ, ಗುರುಮಠದ ತರಗತಿಗಳಲ್ಲಿಯೂ ಅದಕ್ಕೆ ಒಂದು ಸಿದ್ಧ ಉತ್ತರ ದೊರೆಯುತ್ತಿದೆ. ಸಂತ ಜೆರೋಮರು ಮತ್ತಾಯ 6:11ರಲ್ಲಿ ‘ಸುಪೆರ್‌ಸುಬ್‌ಸ್ತಾನ್ತಿಯಾಲಿಸ್’ ಎಂಬ ವಿಶೇಷಣವನ್ನು ಬಳಸಿದ್ದಾರೆ. ಆ ಪದಕ್ಕೆ ‘ದ್ರವ್ಯಕ್ಕೆ ಮೀರಿದ’ ಎಂದರ್ಥ. ಆದುದರಿಂದ ಪ್ರಾರ್ಥನೆಯ ರೊಟ್ಟಿ ಪರಮಪ್ರಸಾದವೇ ಹೊರತು ಹೊಟ್ಟೆಯ ರೊಟ್ಟಿಯಲ್ಲ. ನಮ್ಮ ಕನ್ನಡದ ‘ಅನುದಿನದ ಆಹಾರ’ ಎಂಬುದು ಬಡ ಅನುವಾದ. ಇದು ಆ ಉತ್ತರದ ಸಾರಾಂಶ. ಈ ವಾದ ಭಕ್ತಿಯಿಂದ ಹುಟ್ಟಿದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದು ಒಂದು ಪದದ ಮೇಲೆ ನಿಂತಿದೆ, ಮತ್ತು ಆ ಪದ ಅಷ್ಟು ಭಾರವನ್ನು ಹೊರಲಾರದು ಎಂಬುದು ಈ ಲೇಖನದ ನಿಲುವು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸೀಮೆಯಲ್ಲಿ ಈ ಪ್ರಾರ್ಥನೆಯನ್ನು ಹೇಳುವ ಭಕ್ತರ ಬಾಯಿಂದ ಅವರ ರೊಟ್ಟಿಯನ್ನು ಕಸಿದುಕೊಳ್ಳುವ ಮೊದಲು ವ್ಯಾಕರಣವನ್ನಾದರೂ ಸರಿಯಾಗಿ ನೋಡಬೇಕಲ್ಲವೇ?

ಪದದ ರಚನೆ ಹೀಗಿದೆ. ‘ಸುಪೆರ್’ ಎಂಬ ಉಪಸರ್ಗ, ‘ಸುಬ್‌ಸ್ತಾನ್ತಿಯ’ ಎಂಬ ನಾಮಪದ, ‘ಆಲಿಸ್’ ಎಂಬ ಪ್ರತ್ಯಯ. ಇದು ಲತೀನಿನ ಮೂರನೆಯ ವಿಭಕ್ತಿವರ್ಗದ ವಿಶೇಷಣ: ಪುಲ್ಲಿಂಗ ಮತ್ತು ಸ್ತ್ರೀಲಿಂಗಗಳಿಗೆ ‘ಆಲಿಸ್’ ಎಂಬ ಒಂದೇ ರೂಪ, ನಪುಂಸಕಕ್ಕೆ ‘ಆಲೆ’. ‘ಪಾನಿಸ್’, ಅಂದರೆ ರೊಟ್ಟಿ, ಲತೀನಿನಲ್ಲಿ ಪುಲ್ಲಿಂಗ. ಪ್ರಾರ್ಥನೆಯಲ್ಲಿ ಅದು ಕರ್ಮವಾಗಿರುವುದರಿಂದ ದ್ವಿತೀಯಾ ವಿಭಕ್ತಿಯ ಏಕವಚನದಲ್ಲಿ ‘ಪಾನೆಮ್’ ಆಗುತ್ತದೆ. ವಿಶೇಷಣವೂ ಅದನ್ನು ಹಿಂಬಾಲಿಸಿ ‘ಆಲೆಮ್’ ಎಂದು ಕೊನೆಗೊಳ್ಳುತ್ತದೆ. ಇಲ್ಲಿಯವರೆಗೆ ಮೊದಲ ವರ್ಷದ ಪಾಠ. ನಮ್ಮ ಪ್ರಬೋಧಕರು ಗಮನಿಸದೆ ದಾಟಿಬಿಡುವುದು ‘ಆಲಿಸ್’ ಪ್ರತ್ಯಯವನ್ನು. ಲತೀನಿನಲ್ಲಿ ಅದು ಸಂಬಂಧವನ್ನು ಸೂಚಿಸುತ್ತದೆ, ಘಟಕದ್ರವ್ಯವನ್ನಲ್ಲ. ‘ನವಾಲಿಸ್’ ಎಂದರೆ ಹಡಗಿಗೆ ಸಂಬಂಧಿಸಿದ್ದು, ಹಡಗಿನಿಂದ ಮಾಡಿದ್ದಲ್ಲ. ‘ಮೋರಾಲಿಸ್’ ಎಂದರೆ ನಡತೆಗೆ ಸಂಬಂಧಿಸಿದ್ದು. ಹಾಗೆಯೇ ಈ ರೊಟ್ಟಿಯೂ ‘ಸುಬ್‌ಸ್ತಾನ್ತಿಯ’ಕ್ಕೆ ಮೇಲಾಗಿ ಯಾವುದೋ ರೀತಿಯಲ್ಲಿ ಸಂಬಂಧಿಸಿದ್ದು. ಎಂಥ ಸಂಬಂಧ? ಅದನ್ನು ಪದ ಹೇಳುವುದಿಲ್ಲ. ‘ದ್ರವ್ಯವಲ್ಲದ್ದು’ ಎಂದಂತೂ ಅದು ಹೇಳುವುದೇ ಇಲ್ಲ.

‘ಸುಬ್‌ಸ್ತಾನ್ತಿಯ’ ಎಂಬುದು ಕೆಳಗೆ ನಿಂತು ತಾಳುವುದು. ಅದರ ಮೂಲ ಧಾತು ನಮ್ಮ ಸ್ಥಿತಿ, ಸ್ಥಾನ, ಅಧಿಷ್ಠಾನ ಪದಗಳಲ್ಲಿರುವ ಸಂಸ್ಕೃತ ಧಾತುವಿನ ಸೋದರ. ಗ್ರೀಕಿನ ‘ಊಸಿಯ’ ಬೇರೊಂದು ಮನೆತನದ್ದು: ‘ಇರು’ ಎಂಬರ್ಥದ ಕ್ರಿಯಾಪದದ ಕೃದಂತದಿಂದ ಹುಟ್ಟಿದ್ದು, ಸಂಸ್ಕೃತದ ‘ಸತ್’, ‘ಸತ್ತೆ’ಗಳ ಬಂಧು. ಲತೀನರಿಗೆ ‘ಊಸಿಯ’ಕ್ಕೆ ನೇರವಾದ ಪದ ಒಗ್ಗಲಿಲ್ಲ, ಆದುದರಿಂದ ‘ನಿಲ್ಲುವುದ’ನ್ನು ತಂದು ‘ಇರುವುದ’ರ ಜಾಗದಲ್ಲಿ ಕೂರಿಸಿದರು. ‘ಸತ್ತೆ’ಯನ್ನು ‘ಅಧಿಷ್ಠಾನ’ ಎಂದು ಭಾಷಾಂತರಿಸಿದಂತೆ ಇದು. ತತ್ತ್ವಶಾಸ್ತ್ರ ಓದಿದವರಿಗೆ ಆ ಎರಡರ ನಡುವಣ ಅಂತರ ಗೊತ್ತು. ದೇವಶಾಸ್ತ್ರದ ಕನ್ನಡ ಪರಿಭಾಷೆಯಲ್ಲಿ ನಾವು ತತ್ತ್ವ, ಸತ್ವ, ದ್ರವ್ಯ, ಸ್ವರೂಪ ಎಂದು ಇನ್ನೂ ತಡವರಿಸುತ್ತಿರುವುದಕ್ಕೆ ಕಾರಣ ನಮ್ಮ ಭಾಷೆಯ ಬಡತನವಲ್ಲ, ಲತೀನಿನಿಂದ ಬಂದ ಈ ಹಳೆಯ ತೊಡಕು ಎಂಬುದು ನನ್ನ ಅನಿಸಿಕೆ. ಅದು ಬೇರೆಯೇ ಒಂದು ಲೇಖನದ ವಿಷಯ.

ಜೆರೋಮರ ಮುಂದಿದ್ದ ಗ್ರೀಕ್ ಪದ ‘ಎಪಿಊಸಿಯೊಸ್’. ಮತ್ತಾಯ ಮತ್ತು ಲೂಕರ ಶುಭಸಂದೇಶಗಳಲ್ಲಿ ಈ ಪ್ರಾರ್ಥನೆಯ ಎರಡು ಪಾಠಗಳಲ್ಲಿ ಮಾತ್ರ ಅದು ಬರುತ್ತದೆ. ಗ್ರೀಕನ್ನೇ ಮಾತೃಭಾಷೆಯಾಗಿ ಉಳ್ಳ ಮೂರನೆಯ ಶತಮಾನದ ಒರಿಗೆನ್, ಪಂಡಿತರ ಗ್ರಂಥಗಳಲ್ಲಾಗಲಿ ಸಾಮಾನ್ಯರ ಮಾತಿನಲ್ಲಾಗಲಿ ಈ ಪದವಿಲ್ಲ, ಶುಭಸಂದೇಶಕಾರರೇ ಇದನ್ನು ರಚಿಸಿರಬೇಕು ಎಂದು ಬರೆದಿದ್ದಾನೆ. 1889ರಲ್ಲಿ ಪ್ರಕಟವಾದ, ಈಜಿಪ್ಟಿನ ಹವಾರದಲ್ಲಿ ದೊರೆತ ಒಂದು ಮನೆಖರ್ಚಿನ ಲೆಕ್ಕದ ಹಾಳೆಯಲ್ಲಿ ಇದೇ ಪದ ಸಿಕ್ಕಿತೆಂದು ವಿದ್ವಾಂಸರು ಸಂಭ್ರಮಿಸಿದ್ದುಂಟು. ‘ದಿನದ ಪಡಿ’ ಎಂಬ ಅರ್ಥ ಸಾಬೀತಾಯಿತೆಂದು ಹಲವು ನಿಘಂಟುಗಳಿಗೂ ಅದು ಸೇರಿತು. ಬಳಿಕ ಆ ಹಾಳೆಯೇ ಕಾಣೆಯಾಯಿತು. ನೂರು ವರ್ಷಗಳ ಮೇಲೆ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಅದು ಸಿಕ್ಕಿ, ಮತ್ತೆ ಓದಿ ನೋಡಿದಾಗ, ಅಲ್ಲಿದ್ದದ್ದು ‘ಎಣ್ಣೆ’ ಎಂಬ ಪದ! ಒಂದು ಪದದ ಮೇಲೆ ಸಿದ್ಧಾಂತ ಕಟ್ಟುವವರೆಲ್ಲರೂ ಈ ಕಥೆಯನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

ಹಾಗಾದರೆ ಪದದ ಉತ್ಪತ್ತಿ ಯಾವುದು? ‘ಎಪಿ’ಗೆ ‘ಊಸಿಯ’ ಸೇರಿದೆ ಎಂಬುದು ಒಂದು ಮತ. ಇದಕ್ಕೆ ಸಂಧಿಯೇ ಅಡ್ಡ ಬರುತ್ತದೆ. ಕನ್ನಡದ ಲೋಪಸಂಧಿಯಂತೆ ಗ್ರೀಕಿನಲ್ಲಿಯೂ ಸ್ವರದ ಮುಂದೆ ‘ಎಪಿ’ಯ ಇಕಾರ ಬಿದ್ದುಹೋಗುತ್ತದೆ: ‘ಎಪಿ’ಯೂ ಆಕಾಶವಾಚಿಯಾದ ‘ಊರನೊಸ್’ ಪದವೂ ಸೇರಿದರೆ ‘ಎಪೂರಾನಿಯೊಸ್’. ಆ ಲೆಕ್ಕದಲ್ಲಿ ನಮ್ಮ ಪದ ‘ಎಪೂಸಿಯೊಸ್’ ಆಗಬೇಕಿತ್ತು. ಅಪವಾದಗಳಿವೆ, ಅದೇ ಪರ್ವತಪ್ರಸಂಗದ ಮತ್ತಾಯ 5:33ರಲ್ಲಿಯೇ ಒಂದಿದೆ. ಆದರೂ ಅಪವಾದ ಅಪವಾದವೇ. ಇನ್ನೊಂದು ಮತದ ಪ್ರಕಾರ ಪದ ಹುಟ್ಟಿದ್ದು ‘ಬರು’ ಎಂಬರ್ಥದ ಕ್ರಿಯಾಪದದಿಂದ. ‘ಹೆ ಎಪಿಊಸ’ ಎಂದರೆ ‘ಬರಲಿರುವ ದಿನ’. ಪ್ರೇಷಿತರ ಕಾರ್ಯಕಲಾಪಗಳು 16:11ರಲ್ಲಿ ಅದು ‘ಮರುದಿನ’ ಎಂಬರ್ಥದಲ್ಲಿ ಸಹಜವಾಗಿ ಬರುತ್ತದೆ. ಇಲ್ಲಿ ಇಕಾರ ಧಾತುವಿನದೇ ಆದುದರಿಂದ ಸಂಧಿಯ ತಕರಾರೂ ಇಲ್ಲ. ಈ ಎರಡನೆಯ ವ್ಯುತ್ಪತ್ತಿಯೇ ಹೆಚ್ಚು ಗಟ್ಟಿಯೆಂದು ನನಗೆ ತೋರುತ್ತದೆ. ಸಿರಿಯಕ್ ಭಾಷಾಂತರಕಾರರಲ್ಲಿ ಹಳಬರು ‘ನಿತ್ಯದ’ ಎಂದರು, ಪೆಶಿತ್ತ ‘ನಮ್ಮ ಅಗತ್ಯದ’ ಎಂದಿತು. ಅಂದರೆ ಆರಂಭದಿಂದಲೂ ಧರ್ಮಸಭೆ ಈ ಪದವನ್ನು ಒಂದೇ ಕಿವಿಯಿಂದ ಕೇಳಿಲ್ಲ.

ಇನ್ನು ಜೆರೋಮರು. ವಿಶ್ವಗುರು ದಮಾಸಸರ ಅಪೇಕ್ಷೆಯಂತೆ 383ರ ಹೊತ್ತಿಗೆ ಅವರು ಶುಭಸಂದೇಶಗಳ ಹಳೆಯ ಲತೀನ್ ಪಾಠವನ್ನು ತಿದ್ದಲು ಕೈಹಾಕಿದರು. ಗಮನಿಸಬೇಕು: ತಿದ್ದಿದರು, ಹೊಸದಾಗಿ ಭಾಷಾಂತರಿಸಲಿಲ್ಲ. ಹಳೆಯ ಪಾಠದಲ್ಲಿ ಮತ್ತಾಯ, ಲೂಕ ಎರಡರಲ್ಲಿಯೂ ಇದ್ದದ್ದು ‘ಕ್ವೊತಿದಿಯಾನುಸ್’, ದಿನದಿನದ. ಜೆರೋಮರು ಮತ್ತಾಯನಲ್ಲಿ ಅದನ್ನು ತೆಗೆದು ‘ಸುಪೆರ್‌ಸುಬ್‌ಸ್ತಾನ್ತಿಯಾಲಿಸ್’ ಇಟ್ಟರು. ಲೂಕನಲ್ಲಿ ‘ಕ್ವೊತಿದಿಯಾನುಸ್’ ಅನ್ನು ಹಾಗೆಯೇ ಬಿಟ್ಟರು. ಗ್ರೀಕ್ ಪದ ಎರಡೂ ಕಡೆ ಒಂದೇ! ಹಾಗಿರುವಾಗ ಮತ್ತಾಯನ ಪದವೊಂದನ್ನೇ ಎತ್ತಿಕೊಂಡು ‘ಜೆರೋಮರ ತೀರ್ಪು’ ಎಂದು ಸಾರುವುದು ಅವರ ಅರ್ಧ ಕೆಲಸವನ್ನು ಮುಚ್ಚಿಟ್ಟಂತೆ. 398ರಲ್ಲಿ ಬರೆದ ಮತ್ತಾಯನ ವ್ಯಾಖ್ಯಾನದಲ್ಲಿ ಅವರು ತಮ್ಮ ಪದವನ್ನು ಸಮರ್ಥಿಸಿಕೊಳ್ಳುವ ರೀತಿಯೂ ಕುತೂಹಲಕರ. ಹಳೆಯ ಒಡಂಬಡಿಕೆಯ ಗ್ರೀಕ್ ಪಾಠದಲ್ಲಿ ಬರುವ ‘ಪೆರಿಊಸಿಯೊಸ್’, ಅಂದರೆ ‘ವಿಶೇಷವಾಗಿ ಸ್ವಂತವಾದ’ ಎಂಬ ಪದದ ಹತ್ತಿರ ಇದನ್ನು ತರುತ್ತಾರೆ. ಅದೇ ಉಸಿರಿನಲ್ಲಿ, ಹಿಬ್ರಿಯರ ಶುಭಸಂದೇಶವೆಂಬ ಗ್ರಂಥದಲ್ಲಿ ತಮಗೆ ‘ಮಹರ್’, ನಾಳಿನ, ಎಂಬ ಪದ ಕಂಡಿತೆಂದೂ ಪ್ರಾಮಾಣಿಕವಾಗಿ ದಾಖಲಿಸುತ್ತಾರೆ. ‘ಎಪಿ’ ಎಂಬುದಕ್ಕೆ ‘ಸುಪೆರ್’ ಸರಿಯಾದ ಸಾಟಿಯಲ್ಲ. ‘ಸುಪೆರ್’ ನಿಜಕ್ಕೂ ಗ್ರೀಕಿನ ‘ಹುಪೆರ್’, ಸಂಸ್ಕೃತದ ‘ಉಪರಿ’ಗಳ ಬಂಧು. ಜೆರೋಮರು ತುಂಡುತುಂಡಾಗಿ ಅನುವಾದಿಸುತ್ತ ಹೋಗಿ ಪ್ರಾರ್ಥನೆಗೆ ಒಂದು ದೊಡ್ಡ ಪದವನ್ನು ಕೊಟ್ಟರು. ಸಿಸೆರೊನನ್ನು ಅಷ್ಟು ಪ್ರೀತಿಸಿದ ಈ ಸಂತರು ಸಿಸೆರೊ ಎಂದೂ ಬಾಯಲ್ಲಿ ಇಟ್ಟುಕೊಳ್ಳದ ಪದವನ್ನು ಬರೆದದ್ದು ವಿಚಿತ್ರವೇ.

ಜನ ಏನು ಮಾಡಿದರು? ಅದನ್ನು ಹೇಳಲಿಲ್ಲ. ಲತೀನ್ ಆರಾಧನೆಯಲ್ಲಿ ಪ್ರಾರ್ಥನೆಯ ಪಾಠ ಮತ್ತಾಯನದು, ಆದರೆ ವಿಶೇಷಣ ಮಾತ್ರ ‘ಕ್ವೊತಿದಿಯಾನುಸ್’, ಇಂದಿಗೂ. ಹನ್ನೆರಡನೆಯ ಶತಮಾನದಲ್ಲಿ ಅಬೆಲಾರ್ಡ್ ತನ್ನ ಪ್ರಭಾವದಲ್ಲಿದ್ದ ಪಾರಾಕ್ಲೀತ್ ಮಠದ ಕನ್ಯಾಸ್ತ್ರೀಯರಿಗೆ ಜೆರೋಮರ ಪದವನ್ನು ಜಪದಲ್ಲಿ ಸೇರಿಸಿಕೊಟ್ಟಾಗ ಸಂತ ಬರ್ನಾರ್ಡರೇ ಹುಬ್ಬುಗಂಟಿಕ್ಕಿದರು. ಟ್ರೆಂಟ್ ಮಹಾಸಭೆ 1551ರಲ್ಲಿ ಪರಮಪ್ರಸಾದದ ಬಗೆಗಿನ ಆಜ್ಞಾಪತ್ರದಲ್ಲಿ ಆ ಪದವನ್ನು ಗೌರವದಿಂದ ಬಳಸಿದ್ದು ನಿಜ. ಆದರೆ ಅದಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ: ತೆರ್ತುಲ್ಲಿಯನ್ ಮತ್ತು ಸಂತ ಸಿಪ್ರಿಯಾನರು ಜೆರೋಮರಿಗಿಂತ ನೂರು ವರ್ಷಗಳಿಗೂ ಹಿಂದಿನವರು, ಅವರ ಕೈಯಲ್ಲಿದ್ದದ್ದು ‘ಕ್ವೊತಿದಿಯಾನುಸ್’ ಮಾತ್ರ. ಆ ಸಾಮಾನ್ಯ ಪದದಲ್ಲಿಯೇ ಅವರು ಪರಮಪ್ರಸಾದದ ದನಿಯನ್ನು ಕೇಳಿದರು, ಹೊಟ್ಟೆಯ ಹಸಿವನ್ನೂ ಬಿಡಲಿಲ್ಲ. ಸಂತ ಅಗಸ್ಟೀನರು ದೇಹಪೋಷಣೆ, ಸಂಸ್ಕಾರ, ದೇವವಾಕ್ಯ ಎಂದು ಮೂರು ಅರ್ಥಗಳನ್ನು ಎಣಿಸಿದರು. ದಿನದಿನದ ರೊಟ್ಟಿಯೆಂದ ಮೇಲೆ ವರ್ಷಕ್ಕೊಮ್ಮೆ ಏಕೆ ಸ್ವೀಕರಿಸುತ್ತೀರಿ ಎಂದು ಸಂತ ಆಂಬ್ರೋಸರು ಕೇಳಿದಾಗ ಅವರ ವಾದಕ್ಕೆ ಬಲ ಕೊಟ್ಟದ್ದು ‘ದಿನದಿನದ’ ಎಂಬ ಪದವೇ. 1905ರಲ್ಲಿ ಸಂತ ಹತ್ತನೆಯ ಪಿಯುಸರ ಕಾಲದ ಆಜ್ಞಾಪತ್ರ ಅನುದಿನದ ಪರಮಪ್ರಸಾದವನ್ನು ಪ್ರೋತ್ಸಾಹಿಸಿದಾಗಲೂ ಆಧಾರ ಅದೇ. ಪರಮಪ್ರಸಾದದ ಅರ್ಥವನ್ನು ಕಾಪಾಡಲು ನಮಗೆ ‘ಸುಪೆರ್‌ಸುಬ್‌ಸ್ತಾನ್ತಿಯಾಲಿಸ್’ ಬೇಕಾಗಿಯೇ ಇಲ್ಲ.

ಈಗ ಕನ್ನಡದ ಮೇಲಿನ ಆಕ್ಷೇಪಣೆಗೆ ಬರೋಣ. ‘ಅನುದಿನ’ ಎಂಬುದು ಅವ್ಯಯೀಭಾವ ಸಮಾಸ; ದಿನ ದಿನವೂ ಎಂಬ ಕ್ರಿಯಾವಿಶೇಷಣ. ಅದಕ್ಕೆ ಷಷ್ಠಿಯ ‘ದ’ ಸೇರಿ ವಿಶೇಷಣದ ಕೆಲಸ ಮಾಡುತ್ತದೆ. ಲತೀನಿನಲ್ಲಿಯೂ ‘ಕ್ವೊತಿದಿಯೆ’ ಎಂಬ ಕ್ರಿಯಾವಿಶೇಷಣಕ್ಕೆ ‘ಆನುಸ್’ ಪ್ರತ್ಯಯ ಸೇರಿಯೇ ‘ಕ್ವೊತಿದಿಯಾನುಸ್’ ಆಗಿದೆ. ಇದಕ್ಕಿಂತ ಬಿಗಿಯಾದ ಸಾಟಿಯನ್ನು ಯಾವ ಭಾಷಾಂತರಕಾರ ತಂದಾನು? ಕನ್ನಡದ ವಿಶೇಷಣ ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಹಿಂಬಾಲಿಸುವುದಿಲ್ಲ ಎಂಬುದು ಕೊರತೆಯೂ ಅಲ್ಲ. ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಎರೆಯಬಾರದೆಂದು ಡಿ. ಎನ್. ಶಂಕರ ಭಟ್ಟರು ಜೀವಮಾನವಿಡೀ ವಾದಿಸಿದರು. ಲತೀನಿನ ಅಚ್ಚಿಗೂ ಅದೇ ಮಾತು ಸಲ್ಲುತ್ತದೆ.

ಕನ್ನಡ ಪಾಠದ ನಿಜವಾದ ಸಡಿಲು ವಿಶೇಷಣದಲ್ಲಿಲ್ಲ, ನಾಮಪದದಲ್ಲಿದೆ. ಇದನ್ನು ನಮ್ಮ ಪ್ರಬೋಧಕರು ಗಮನಿಸಿಲ್ಲ. ಗ್ರೀಕಿನಲ್ಲಿ ಪ್ರಾರ್ಥನೆಯ ರೊಟ್ಟಿ ‘ಆರ್ತೊಸ್’, ಐದು ಸಾವಿರ ಜನ ಉಂಡ ರೊಟ್ಟಿ ‘ಆರ್ತೊಸ್’, ಕಡೆಯ ಭೋಜನದ ರೊಟ್ಟಿಯೂ ‘ಆರ್ತೊಸ್’. ಲತೀನಿನಲ್ಲಿ ಮೂರೂ ಕಡೆ ‘ಪಾನಿಸ್’. ಕನ್ನಡದಲ್ಲಿ ಮೊದಲನೆಯದು ‘ಆಹಾರ’, ಉಳಿದವು ‘ರೊಟ್ಟಿ’. ಬೆಟ್ಟದ ಪ್ರಾರ್ಥನೆಯಿಂದ ಮೇಲಂತಸ್ತಿನ ಮೇಜಿನವರೆಗೆ ಹರಿದುಬಂದ ಎಳೆ ಇಲ್ಲಿ ಕಡಿಯುತ್ತದೆ. ಬಳ್ಳಾರಿಯ ಜಾನ್ ಹ್ಯಾಂಡ್ಸರ ಕನ್ನಡ ಬೈಬಲ್ 1831ರಲ್ಲಿ ಪೂರ್ಣಗೊಂಡಂದಿನಿಂದ ಎಷ್ಟೋ ಪರಿಷ್ಕರಣೆಗಳಾಗಿವೆ. ಇಂದು ನಮ್ಮ ಬಾಯಲ್ಲಿರುವ ‘ಆಹಾರ’ಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮೈಸೂರು ಸೀಮೆಯಲ್ಲಿ ಮುದ್ದೆ, ಕರಾವಳಿಯಲ್ಲಿ ಗಂಜಿ, ಬಯಲುಸೀಮೆಯಲ್ಲಿ ರೊಟ್ಟಿ. ಎಲ್ಲರಿಗೂ ಸಲ್ಲುವ ಪದ ಆಹಾರವೇ. ಹಿಬ್ರೂವಿನ ‘ಲೆಹೆಮ್’ ಕೂಡ ರೊಟ್ಟಿಯೂ ಹೌದು, ಊಟವೂ ಹೌದು. ತಪ್ಪು ಎನ್ನಲಾಗದು. ಆದರೆ ನಾಮಪದದಲ್ಲಿ ಕಳೆದುಹೋದದ್ದನ್ನು ವಿಶೇಷಣದ ತಲೆಯ ಮೇಲೆ ಹೊರಿಸಿ ಮರಳಿ ಪಡೆಯಲು ಹೊರಟಿರುವುದೇ ಇಂದಿನ ಪ್ರಬೋಧನೆಗಳ ಎಡವಟ್ಟು.

ಹಾವೇರಿ ಸೀಮೆಯಲ್ಲಿ ಈ ಎಳೆ ಕಡಿಯಬೇಕಾಗಿರಲಿಲ್ಲ. ಅಲ್ಲಿ ಊಟವೆಂದರೆ ರೊಟ್ಟಿಯೇ, ಅನ್ನ ಆಮೇಲಿನದು. ಬೆಳಗಿನ ಜಾವ ರೊಟ್ಟಿ ಬಡಿಯುವ ಸದ್ದು ಕೇಳದ ಓಣಿಯಿಲ್ಲ, ಬುತ್ತಿಯಿಲ್ಲದೆ ಹೊಲಕ್ಕೆ ಹೋಗುವವರಿಲ್ಲ. ಒಣಗಿಸಿಟ್ಟ ಖಡಕ್ ರೊಟ್ಟಿಯನ್ನೂ ಬಲ್ಲ ಜನ ಅವರು: ಇಂದು ಬೇಯಿಸಿದ್ದು, ವಾರಗಳ ಮೇಲೆ ಜಾತ್ರೆಯ ದಾರಿಯಲ್ಲಿ ತಿನ್ನಲಾಗುವುದು. ‘ಬರಲಿರುವ ದಿನದ ರೊಟ್ಟಿಯನ್ನು ಇಂದು ಕೊಡು’ ಎಂಬ ಅರ್ಥ ಗ್ರೀಕ್ ಪಂಡಿತರಿಗೆ ಒಗಟಾಗಿ ಕಂಡಿರಬಹುದು. ರಾಣೆಬೆನ್ನೂರಿನ ತಾಯಿಗೆ ಅದರಲ್ಲಿ ಒಗಟೇನಿದೆ? ನಾಳೆ ಹೊಲಕ್ಕೆ ಹೋಗಬೇಕಾದವನ ರೊಟ್ಟಿಯ ಹಿಟ್ಟು ಇಂದೇ ಮನೆಯಲ್ಲಿರಬೇಕು. ವಿಮೋಚನಾಕಾಂಡ 16ರ ಮನ್ನವನ್ನು ಕೂಡಿಟ್ಟರೆ ಹುಳು ಬೀಳುತ್ತಿತ್ತು, ಆರನೆಯ ದಿನ ಮಾತ್ರ ನಾಳಿನ ಪಾಲೂ ಸಿಗುತ್ತಿತ್ತು. ಈ ಬಿನ್ನಹ ಆ ಆರನೆಯ ದಿನದ್ದೆಂದು ಓದುವುದಕ್ಕೆ ವ್ಯಾಕರಣ ಅಡ್ಡಿ ಮಾಡುವುದಿಲ್ಲ.

ಈಗ ಆ ರೊಟ್ಟಿಯ ಸ್ಥಿತಿಯೇ ಬದಲಾಗಿದೆ. ಜಿಲ್ಲೆಯ ಹೊಲಗಳಲ್ಲಿ ಜೋಳದ ಜಾಗವನ್ನು ಗೋವಿನಜೋಳ ಬಹುಪಾಲು ಆವರಿಸಿಕೊಂಡಿದೆ. ಅದು ಕೋಳಿಯ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ರೊಟ್ಟಿಯ ಜೋಳವನ್ನು ರೈತನೇ ಅಂಗಡಿಯಿಂದ ಕೊಳ್ಳುತ್ತಾನೆ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ. ಹೀಗಾಗಿ ರೊಟ್ಟಿ ಈಗ ಮಳೆಯೊಂದನ್ನೇ ಅಲ್ಲ, ಗೊಬ್ಬರವನ್ನೂ ಪೇಟೆಯ ಧಾರಣೆಯನ್ನೂ ನೆಚ್ಚಿಕೊಂಡಿದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಪೊಲೀಸರ ಗುಂಡು ಹಾರಿತು, ಜೀವಗಳು ಹೋದವು. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ಧಾರಣೆ ಕುಸಿದುದಕ್ಕೆ ರೊಚ್ಚಿಗೆದ್ದ ಬೆಳೆಗಾರರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಆ ಹಿಂಸೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದರ ಮುಂದಿನ ಭಾನುವಾರ ಬಲಿಪೂಜೆಯಲ್ಲಿ ಇದೇ ಪ್ರಾರ್ಥನೆಯನ್ನು ಹೇಳುವ ಸಭೆಗೆ, ಇಲ್ಲಿ ಕೇಳುತ್ತಿರುವುದು ಹೊಟ್ಟೆಯ ರೊಟ್ಟಿಯಲ್ಲ ಎಂದು ಬೋಧಿಸುವ ಗುರು ಜೆರೋಮರಿಗೂ ನ್ಯಾಯ ಮಾಡುವುದಿಲ್ಲ, ಯೇಸುಸ್ವಾಮಿಗೂ ಮಾಡುವುದಿಲ್ಲ.

ಈ ನೆಲಕ್ಕೆ ಧಾನ್ಯದ ದೇವಶಾಸ್ತ್ರ ಹೊಸದೇನಲ್ಲ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚುತ್ತಾರೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಸಿರಿವಂತರ ಭತ್ತ ಕಂದುತ್ತದೆ, ಬಡವರ ರಾಗಿ ತಾಳಿ ನಿಂತು ರಾಮನಿಂದ ರಾಘವನೆಂಬ ಹೆಸರನ್ನು ಪಡೆಯುತ್ತದೆ. ‘ಸುಬ್‌ಸ್ತಾನ್ತಿಯ’ದ ಮೂಲಾರ್ಥ ತಾಳಿ ನಿಲ್ಲುವುದು ಎಂಬುದನ್ನು ಇಲ್ಲಿ ನೆನೆಯದಿರಲಾರೆ. ದೇವರ ಹೆಸರು ಅಂಟಿದ್ದು ಧಾನ್ಯವಲ್ಲದ ಧಾನ್ಯಕ್ಕಲ್ಲ, ಅತಿ ಸಾಮಾನ್ಯವಾದುದಕ್ಕೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಇನ್ನೂ ಹತ್ತಿರದ್ದು: ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ‘ಕ್ವೊತಿದಿಯಾನುಸ್’ ಪದಕ್ಕೆ ಇದಕ್ಕಿಂತ ಉತ್ತಮ ವ್ಯಾಖ್ಯಾನವನ್ನು ನಾನು ಲತೀನ್ ಪಿತೃಗಳಲ್ಲಿಯೂ ಓದಿಲ್ಲ. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಆ ಪರಂಪರೆಗೆ ತನ್ನದೇ ನೆಲೆಯಿದೆ.

ಹಾಗೆಂದು ಜೆರೋಮರ ಪದವನ್ನು ಬಿಸಾಡಬೇಕೆ? ಬೇಡ. ‘ಸುಪೆರ್’ ಎಂಬುದಕ್ಕೆ ‘ಮೇಲೆ’ ಎಂಬ ಅರ್ಥವಿರುವಂತೆ ‘ಮಿಕ್ಕು’ ಎಂಬ ಅರ್ಥವೂ ಇದೆ. ‘ಸುಪೆರೆಸ್ಸೆ’ ಎಂದರೆ ಉಳಿದಿರುವುದು. ಯೊವಾನ್ನ 6:12ರಲ್ಲಿ ಜನರೆಲ್ಲ ಉಂಡ ಮೇಲೆ ಮಿಕ್ಕ ತುಂಡುಗಳನ್ನು ಕೂಡಿಸಲು ಪ್ರಭು ಹೇಳುವಾಗ ಲತೀನ್ ಪಾಠ ಈ ‘ಸುಪೆರ್’ನ ಸಂತಾನವಾದ ಕ್ರಿಯಾಪದವನ್ನೇ ಬಳಸುತ್ತದೆ. ಹನ್ನೆರಡು ಬುಟ್ಟಿ ತುಂಬಿದ್ದು ಜವೆಗೋದಿಯ ರೊಟ್ಟಿ, ಬಡವರ ರೊಟ್ಟಿ. ಅದು ಹಸಿವನ್ನು ಬದಿಗೊತ್ತಿ ಮೇಲೇರಲಿಲ್ಲ. ಹಸಿವನ್ನು ತಣಿಸಿ ಮಿಕ್ಕಿತು. ಪರಮಪ್ರಸಾದದ ದೀರ್ಘ ಬೋಧನೆ ಆ ಅಧ್ಯಾಯದಲ್ಲಿ ಬರುವುದು ಊಟದ ನಂತರವೇ. ನಮ್ಮ ವಿಶೇಷಣವನ್ನು ಈ ಕ್ರಮದಲ್ಲಿ ಓದುವುದಾದರೆ ನನ್ನ ತಕರಾರಿಲ್ಲ.

ಒಂದು ಇಕ್ಕಟ್ಟು ಮಾತ್ರ ಉಳಿಯುತ್ತದೆ. ಧರ್ಮಸಭೆಯ ಕಾನೂನಿನ 924ನೆಯ ನಿಯಮದ ಪ್ರಕಾರ ಬಲಿಪೂಜೆಯ ರೊಟ್ಟಿ ಶುದ್ಧ ಗೋಧಿಯದಾಗಿರಬೇಕು. ಹಾವೇರಿಯಲ್ಲಿ ಅನುದಿನದ ರೊಟ್ಟಿ ಸಂಸ್ಕಾರಕ್ಕೆ ಸಲ್ಲದು, ಸಂಸ್ಕಾರದ ರೊಟ್ಟಿ ಅನುದಿನದ್ದಲ್ಲ. ನಿಯಮವನ್ನು ಬದಲಿಸಲು ನಾನು ಕೇಳುತ್ತಿಲ್ಲ. ಆದರೆ ಇಂಥ ಸೀಮೆಯಲ್ಲಿ ಎರಡು ರೊಟ್ಟಿಗಳ ನಡುವೆ ಆಗಲೇ ಇರುವ ಅಂತರವನ್ನು ಒಂದು ಲತೀನ್ ಪದ ಹಿಡಿದು ಇನ್ನಷ್ಟು ಅಗಲಿಸುವ ಪ್ರಬೋಧಕ ಯಾವ ಸೇವೆ ಮಾಡಿದಂತಾಯಿತು? ಕಾಣಿಕೆಯ ಮೆರವಣಿಗೆಯಲ್ಲಿ ಜೋಳದ ರೊಟ್ಟಿಯ ಬುಟ್ಟಿ ಬಂದು, ಪೂಜೆಯ ನಂತರ ಹಂಚಿಕೆಯಾದರೆ ಯಾವ ನಿಯಮವೂ ಮುರಿಯುವುದಿಲ್ಲ.

ಇಷ್ಟಕ್ಕೂ ಆ ಬಿನ್ನಹದಲ್ಲಿ ‘ಪಾನೆಮ್’ ಎಂಬುದಕ್ಕೆ ಇರುವ ವಿಶೇಷಣ ಒಂದಲ್ಲ, ಎರಡು. ಮೊದಲನೆಯದು ‘ನೊಸ್ತ್ರುಮ್’, ನಮ್ಮ. ಕನ್ನಡದಲ್ಲಿ ಅದು ಸರ್ವನಾಮದ ಷಷ್ಠೀರೂಪವಾಗಿ ತೋರಿದರೂ ಲತೀನಿನಲ್ಲಿ ಅದು ಅಪ್ಪಟ ವಿಶೇಷಣ: ‘ನೊಸ್ತೆರ್, ನೊಸ್ತ್ರ, ನೊಸ್ತ್ರುಮ್’ ಎಂದು ಮೂರು ಲಿಂಗಗಳಲ್ಲಿ ನಡೆಯುತ್ತದೆ, ‘ಪಾನೆಮ್’ ಜೊತೆ ಲಿಂಗ, ವಚನ, ವಿಭಕ್ತಿಗಳಲ್ಲಿ ಹೊಂದಿಕೊಳ್ಳುತ್ತದೆ. ಅದರ ಗ್ರೀಕ್ ಮೂಲದ ಬಗ್ಗೆ ಯಾವ ವಿವಾದವೂ ಇಲ್ಲ. ಯಾವ ಹಾಳೆಯೂ ಕಳೆದುಹೋಗಿಲ್ಲ. ಮತ್ತೊಬ್ಬನ ಹಸಿವಿನಿಂದ ಗಳಿಸಿದ್ದನ್ನು ದೇವರು ಕೊಟ್ಟ ರೊಟ್ಟಿಯೆನ್ನಲಾಗದು ಎಂಬ ಅರ್ಥದ ಮಾತನ್ನು ಸಂತ ನಿಸ್ಸದ ಗ್ರೆಗೊರಿಯವರು ಇದೇ ಪ್ರಾರ್ಥನೆಯ ವ್ಯಾಖ್ಯಾನದಲ್ಲಿ ಆಡಿದ್ದಾರೆ. ಎರಡನೆಯ ವಿಶೇಷಣದ ಮೇಲೆ ನಮ್ಮ ಗ್ರಂಥಾಲಯಗಳಲ್ಲಿ ಕಪಾಟು ತುಂಬ ಪುಸ್ತಕಗಳಿವೆ. ಮೊದಲನೆಯದರ ಮೇಲೆ, ಬ್ಯಾಡಗಿಯ ಪೇಟೆಗೆ ಚೀಲ ಹೊತ್ತು ಬರುವವರ ನ್ಯಾಯವನ್ನು ಮುಂದಿಟ್ಟುಕೊಂಡು, ಕನ್ನಡದಲ್ಲಿ ಒಂದು ಪ್ರಬೋಧನೆಯನ್ನು ನಾನು ಇನ್ನೂ ಕೇಳಬೇಕಾಗಿದೆ.